ಎಂಜಿನ್ ಆಯಿಲ್‌ಗೆ ಕೂಲಂಟ್ ಸೇರಿದೆಯೇ? ಪತ್ತೆ ಹಚ್ಚುವ ಬಗೆ

ಬಸವನಬಾಗೇವಾಡಿ ತಾಲ್ಲೂಕಿನ ಇಂಗಳೇಶ್ವರದ ಸುತ್ತಮುತ್ತ ಬೇಸಿಗೆಯ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಹೊಸದೇನಲ್ಲ. ರೇಡಿಯೇಟರ್‌ಗೆ ಕೂಲಂಟ್ ಬದಲು ಕೊಳವೆಬಾವಿಯ ಗಡಸು ನೀರು ಸುರಿಯುತ್ತ ಹೋದರೆ ಒಳಗೆ ಸುಣ್ಣದ ಪದರು ಕಟ್ಟಿ ಎಂಜಿನ್ ಮಿತಿಮೀರಿ ಕಾಯುತ್ತದೆ. ಆಗ ಹೆಡ್ ಗ್ಯಾಸ್ಕೆಟ್ ಹಾಳಾಗಿ ಕೂಲಂಟ್ ಎಂಜಿನ್ ಆಯಿಲ್‌ಗೆ ಇಳಿಯುವ ಸಂಭವವಿದೆ. ಸಿಲಿಂಡರ್ ಹೆಡ್‌ನ ಬಿರುಕು, ಆಯಿಲ್ ಕೂಲರ್‌ನ ಒಳಸೋರಿಕೆಯೂ ಕಾರಣವಾಗಬಹುದು.

ಡಿಪ್‌ಸ್ಟಿಕ್‌ನಲ್ಲಿನ ಆಯಿಲ್ ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ಅನುಮಾನ ಬಲವಾಗುತ್ತದೆ. ಆದರೆ ಆಯಿಲ್ ಮುಚ್ಚಳದಡಿ ಮಾತ್ರ ಕೆನೆಯಂತಹ ಲೇಪ ಕಂಡರೆ ಗಾಬರಿ ಬೇಡ. ಚಳಿಗಾಲದಲ್ಲಿ ಊರೊಳಗಷ್ಟೇ ಓಡಾಡುವ ಕಾರಿನಲ್ಲಿ ತೇವಾಂಶ ತಣಿದು ಹೀಗಾಗುವುದುಂಟು. ನಿರ್ಣಾಯಕವಾದುದು ಕೂಲಂಟ್ ಮಟ್ಟ. ಹೊರಗೆಲ್ಲೂ ಸೋರಿಕೆಯಿಲ್ಲದೆ ಅದು ಇಳಿಯುತ್ತಿದ್ದು, ಆಯಿಲ್ ಮಟ್ಟ ಏರುತ್ತಿದ್ದರೆ ತಡಮಾಡಬಾರದು. ಈ ಮಟ್ಟವನ್ನು ಎಂಜಿನ್ ತಣ್ಣಗಿರುವಾಗಲೇ ನೋಡಬೇಕು. ಬಿಸಿಯಿರುವಾಗ ರೇಡಿಯೇಟರ್ ಮುಚ್ಚಳ ತೆರೆದರೆ ಮೈ ಸುಟ್ಟೀತು.

ರಾತ್ರಿಯಿಡೀ ನಿಂತ ವಾಹನದ ಡ್ರೇನ್ ಬೋಲ್ಟ್ ಸ್ವಲ್ಪವೇ ಸಡಿಲಿಸಿದಾಗ ಮೊದಲು ನೀರು ಹನಿಯುವುದೂ ಒಂದು ಸುಳಿವು. ನೀರು ಆಯಿಲ್‌ಗಿಂತ ಭಾರವಾದ್ದರಿಂದ ತಳ ಸೇರಿರುತ್ತದೆ.

ಹೆಡ್ ಬಿಚ್ಚಲು ಒಪ್ಪುವ ಮುನ್ನ ಕೂಲಿಂಗ್ ವ್ಯವಸ್ಥೆಯ ಪ್ರೆಶರ್ ಟೆಸ್ಟ್ ಮಾಡಿಸುವುದು ಲೇಸು. ಸಂಪ್ ಕಳಚಿ ಒತ್ತಡ ಕೊಟ್ಟರೆ ಹನಿ ಬೀಳುವ ಜಾಗವೂ ಕಂಡೀತು. ದೋಷ ಆಯಿಲ್ ಕೂಲರ್‌ನಲ್ಲಿದ್ದರೆ ಹೆಡ್ ಬಿಚ್ಚಿದ ಖರ್ಚು ದಂಡವೇ ಸರಿ. ನೀಲಿ ದ್ರವದ ಬ್ಲಾಕ್ ಟೆಸ್ಟ್ ಕೂಲಂಟ್‌ಗೆ ದಹನ ಅನಿಲ ಸೇರುತ್ತಿರುವುದನ್ನಷ್ಟೇ ತೋರಿಸುತ್ತದೆ.

ಕೂಲಂಟ್ ಬೆರೆತ ಆಯಿಲ್ ಬೇರಿಂಗ್‌ಗಳನ್ನು ಬೇಗನೆ ಸವೆಸುತ್ತದೆ. ಆದ್ದರಿಂದ ಗ್ಯಾರೇಜು ಸಮೀಪವೇ ಇದ್ದರೂ ವಾಹನವನ್ನು ಎಳೆದೊಯ್ಯಬೇಕು. ದುರಸ್ತಿಯ ನಂತರ ಆಯಿಲ್, ಫಿಲ್ಟರ್ ಎರಡನ್ನೂ ಬದಲಿಸಿ, ಕೆಲವು ದಿನ ಓಡಿಸಿ ಮತ್ತೊಮ್ಮೆ ಬದಲಿಸುವುದು ಸೂಕ್ತ.