ಅಂದಕ್ಕಿಂತ ಅಳತೆ ಮುಖ್ಯ: ಟೂರಿಂಗ್ ಸೈಕಲ್ಲಿನ ಬಿಡಿಭಾಗಗಳ ಸಮೀಕ್ಷೆ

ಕಂದು ಚರ್ಮದ ಸೀಟು, ಅದೇ ಬಣ್ಣದ ಹ್ಯಾಂಡಲ್ ಟೇಪು, ಸುತ್ತಿಗೆ ಏಟಿನ ಗುರುತುಳ್ಳ ಅಲ್ಯೂಮಿನಿಯಂ ಮಡ್‌ಗಾರ್ಡು, ಮುಂದುಗಡೆ ಒಂದು ಕ್ಯಾನ್ವಾಸ್ ಚೀಲ. ಇಷ್ಟನ್ನು ತಗುಲಿಸಿದರೆ ಯಾವ ಸೈಕಲ್ಲಾದರೂ 'ಕ್ಲಾಸಿಕ್ ಟೂರಿಂಗ್' ಅನ್ನಿಸಿಕೊಳ್ಳುವ ಕಾಲ ಇದು. ಹತ್ತಿರ ಹೋಗಿ ನೋಡಿದರೆ ಗೇರು ರೇಸಿನವರದ್ದು, ಟೈರು 25 ಮಿಲಿಮೀಟರಿನದ್ದು, ಟೈರಿಗೂ ಮಡ್‌ಗಾರ್ಡಿಗೂ ನಡುವೆ ಕಿರುಬೆರಳು ತೂರುವುದಿಲ್ಲ. ಹದಿನೈದು ಕಿಲೋ ಸಾಮಾನು ಹೇರಿಕೊಂಡು ಚಾರ್ಮಾಡಿ ಘಾಟಿ ಹತ್ತಿ ಎಂದರೆ ಅದರ ಯಜಮಾನರು ಇಳಿದು ತಳ್ಳಬೇಕು. ಇನ್ನೊಂದು ಕಡೆ, ಅಗಲ ಟೈರು, ತಗ್ಗು ಗೇರುಗಳನ್ನು 'ಗ್ರಾವೆಲ್' ಎಂಬ ಹೆಸರಿನಲ್ಲಿ ನಿನ್ನೆ ಮೊನ್ನೆ ಕಂಡುಹಿಡಿದ ಹಾಗೆ ಮಾರುತ್ತಿದ್ದಾರೆ. ಈ ಎರಡು ಗುಂಪುಗಳಿಗೂ ಚರಿತ್ರೆ ಗೊತ್ತಿಲ್ಲ. ಮೊದಲನೆಯವರು ಅದನ್ನು ಅಲಂಕಾರ ಎಂದುಕೊಂಡಿದ್ದಾರೆ, ಎರಡನೆಯವರು ಅದು ಇರಲೇ ಇಲ್ಲ ಎಂದುಕೊಂಡಿದ್ದಾರೆ. ದೂರ ಹೋಗುವ ಸೈಕಲ್ಲಿಗೆ ಯಾವ ಭಾಗ ಬೇಕು, ಅದು ಎಲ್ಲಿ ಸಿಗುತ್ತದೆ ಎಂಬ ಪ್ರಶ್ನೆಗೆ ನೂರು ವರ್ಷಕ್ಕೂ ಮಿಕ್ಕಿದ ಇತಿಹಾಸವಿದೆ.

ಅದರ ಆರಂಭ ಫ್ರಾನ್ಸಿನ ಸೇಂತ್-ಎತಿಯೆನ್ ಊರಿನ ಪಾಲ್ ದ ವಿವಿಯಿಂದ. 'ವೆಲೊಸಿಯೊ' ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಈತ 1887ರಲ್ಲಿ ಪತ್ರಿಕೆಯೊಂದನ್ನು ಶುರುಮಾಡಿ, ಬೆಟ್ಟ ಹತ್ತುವವನಿಗೆ ಒಂದಕ್ಕಿಂತ ಹೆಚ್ಚು ಗೇರು ಬೇಕು ಎಂದು ಬದುಕಿರುವ ತನಕ ವಾದಿಸಿದ. ಟೂರ್ ದ ಫ್ರಾನ್ಸ್ ಕಟ್ಟಿದ ಆನ್ರಿ ದೆಗ್ರಾಂಜ್‌ಗೆ ಗೇರು ಬದಲಿಸುವುದೇ ದುರ್ಬಲರ ಲಕ್ಷಣವಾಗಿ ಕಂಡಿತ್ತು. ಚೈನನ್ನು ಒಂದು ಹಲ್ಲಿನ ಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ಡೆರೇಲರ್‌ಗೆ ಆ ರೇಸಿನಲ್ಲಿ ಅನುಮತಿ ಸಿಕ್ಕಿದ್ದು 1937ರಲ್ಲಿ. ಅಷ್ಟು ಹೊತ್ತಿಗೆ ಪ್ರವಾಸಿ ಸವಾರರು ಅದನ್ನು ಎಷ್ಟೋ ವರ್ಷ ಬಳಸಿ ಹಳೆಯದಾಗಿಸಿದ್ದರು. ಇಂಗ್ಲೆಂಡಿನಲ್ಲಿ ನಾಟಿಂಗ್‌ಹ್ಯಾಮಿನ ಸ್ಟರ್ಮಿ-ಆರ್ಚರ್ ಕಂಪನಿ 1902ರಿಂದಲೇ ಹಬ್ಬಿನೊಳಗೆ ಮೂರು ಗೇರು ಅಡಗಿಸುವ ಕೆಲಸಕ್ಕೆ ಕೈಹಾಕಿತ್ತು. 1936ರ ಅದರ ಎಡಬ್ಲ್ಯು ಹಬ್ಬು ಇವತ್ತಿಗೂ ತಿರುಗುತ್ತಿದೆ. ಬರ್ಮಿಂಗ್‌ಹ್ಯಾಮಿನ ರೆನಾಲ್ಡ್ಸ್ 1935ರಲ್ಲಿ ಫ್ರೇಮು ಕಟ್ಟುವ '531' ಕೊಳವೆ ತಂದಿತು. ರೇಸಿನವರು ಹೊಸತನ್ನು ಹುಟ್ಟಿಸುತ್ತಾರೆ, ಮಿಕ್ಕವರು ಅದನ್ನು ಎರವಲು ಪಡೆಯುತ್ತಾರೆ ಎಂಬ ಮಾತು ಸೈಕಲ್ ಲೋಕದಲ್ಲಿ ಬಹಳ ಕಾಲದಿಂದ ನಡೆದುಬಂದಿದೆ. ಗೇರಿನ ವಿಷಯದಲ್ಲಂತೂ ಆದದ್ದು ಇದರ ತದ್ವಿರುದ್ಧ.

ಎರಡನೆಯ ಮಹಾಯುದ್ಧದ ಹಿಂದುಮುಂದಿನ ಫ್ರಾನ್ಸಿನ ಬಗ್ಗೆ ಬೇಕಾದಷ್ಟು ಬರೆದಾಗಿದೆ, ಆದ್ದರಿಂದ ಚುಟುಕಾಗಿ ಹೇಳುತ್ತೇನೆ. ಪ್ಯಾರಿಸ್ ಪಕ್ಕದ ಲೆವಲ್ವಾ-ಪೆರೆಯಲ್ಲಿ ಅಲೆಕ್ಸ್ ಸಿಂಜರ್, ರೆನೆ ಹೆರ್ಸ್ ಮೊದಲಾದವರು ಫ್ರೇಮು, ಕ್ಯಾರಿಯರ್, ದೀಪ, ಮಡ್‌ಗಾರ್ಡು ಎಲ್ಲವನ್ನೂ ಒಟ್ಟಿಗೆ ಯೋಚಿಸಿ ಒಬ್ಬ ಸವಾರನಿಗೆ ಒಂದು ಸೈಕಲ್ಲು ಕಟ್ಟಿದರು. ದೀಪದ ತಂತಿ ಕೊಳವೆಯೊಳಗೇ ಹರಿಯುತ್ತಿತ್ತು. ತಾಂತ್ರಿಕ ಸ್ಪರ್ಧೆಗಳಿಗೆ ಅವರು ತಂದ ಪೂರ್ಣ ಸಜ್ಜಿತ ಯಂತ್ರಗಳು ಹತ್ತು ಕಿಲೋಗಿಂತ ಕಡಿಮೆ ತೂಗಿದ್ದುಂಟು. ಇವರ ಸುತ್ತ ಬಿಡಿಭಾಗದವರ ದೊಡ್ಡ ಬಳಗವೇ ಬೆಳೆಯಿತು. ಸ್ಟ್ರಾಂಗ್‌ಲೈಟಿನ ಕಾಟರ್ ಪಿನ್ನು (ಬಿಗಿಮಾಡುವ ಬೆಣೆ) ಇಲ್ಲದ ಕ್ರ್ಯಾಂಕು, ಮಫಾಕ್ ಬ್ರೇಕು, ಸಿಂಪ್ಲೆಕ್ಸ್ ಮತ್ತು ಹ್ಯೂರೆ ಡೆರೇಲರು ಎಲ್ಲ ಅಲ್ಲಿಯವು. ಟಿ.ಎ. ಕಂಪನಿಯ 'ಸಿಕ್ಲೊಟೂರಿಸ್ತ್' ಕ್ರ್ಯಾಂಕಿಗೆ 26 ಹಲ್ಲಿನ ಚಿಕ್ಕ ಚಕ್ರ ಹಾಕಬಹುದಿತ್ತು. ಅದೇ ಕಾಲದ ರೇಸಿಂಗ್ ಕ್ರ್ಯಾಂಕು 42ರ ಆಸುಪಾಸಿನಲ್ಲಿ ನಿಂತುಬಿಡುತ್ತಿತ್ತು. ಹಿಂದೆ 28 ಹಲ್ಲಿದ್ದರೆ, 26ರ ಚಕ್ರದಲ್ಲಿ ಪೆಡಲು ಒಂದು ಸುತ್ತು ತಿರುಗಿದಾಗ ಸೈಕಲ್ಲು ಎರಡು ಮೀಟರಿಗಿಂತ ತುಸು ಕಡಿಮೆ ಸಾಗುತ್ತದೆ. 42ರಲ್ಲಿ ಮೂರು ಮೀಟರಿಗೂ ಹೆಚ್ಚು. ಘಾಟಿ ರಸ್ತೆಯಲ್ಲಿ ಮಂಡಿಗೆ ಈ ಲೆಕ್ಕ ಚೆನ್ನಾಗಿ ಅರ್ಥವಾಗುತ್ತದೆ.

ಆದರೆ ಫ್ರೆಂಚ್ ಭಾಗಗಳನ್ನು ಹಾಡಿ ಹೊಗಳುವವರು ಥ್ರೆಡ್ಡಿನ ಸುದ್ದಿ ಬಂದಾಗ ಮೌನವಾಗುತ್ತಾರೆ. ಕ್ರ್ಯಾಂಕಿನ ಅಚ್ಚು ಕೂರುವ ಬಾಟಮ್ ಬ್ರಾಕೆಟ್ ಫ್ರೆಂಚರದ್ದು 35 ಮಿಲಿಮೀಟರ್ ವ್ಯಾಸ, ಥ್ರೆಡ್ಡಿನ ಸುತ್ತುಗಳ ನಡುವೆ 1 ಮಿಲಿಮೀಟರ್ ಅಂತರ. ಬ್ರಿಟಿಷರದ್ದು 1.37 ಅಂಗುಲ, ಅಂಗುಲಕ್ಕೆ 24 ಸುತ್ತು. ರ‍್ಯಾಲಿ ಕಂಪನಿ ತನ್ನ ನಾಟಿಂಗ್‌ಹ್ಯಾಮ್ ಸೈಕಲ್ಲುಗಳಿಗೆ 26 ಸುತ್ತಿನದ್ದೇ ಒಂದು ಸ್ವಂತ ಅಳತೆ ಇಟ್ಟುಕೊಂಡಿತ್ತು. ಪೆಡಲು ಫ್ರಾನ್ಸಿನಲ್ಲಿ 14 ಮಿಲಿಮೀಟರ್, ಬ್ರಿಟನ್ನಿನಲ್ಲಿ 9/16 ಅಂಗುಲ. ಹ್ಯಾಂಡಲಿನ ಸ್ಟೆಮ್ಮು ಫ್ರಾನ್ಸಿನದು 22.0, ಮಿಕ್ಕವರದು 22.2. ಆ 0.2 ಮಿಲಿಮೀಟರಿಗಾಗಿ ಗಂಟೆಗಟ್ಟಲೆ ಎಮರಿ ಕಾಗದ ತಿಕ್ಕಿದವರ ಸಂಖ್ಯೆ ದೊಡ್ಡದು. ಕ್ರ್ಯಾಂಕು ಬಿಚ್ಚುವ ಪುಲ್ಲರ್ ಸಾಮಾನ್ಯವಾಗಿ 22 ಮಿಲಿಮೀಟರ್ ಇರುತ್ತದೆ. ಟಿ.ಎ.ಗೆ 23 ಬೇಕು, ಹಳೆಯ ಸ್ಟ್ರಾಂಗ್‌ಲೈಟಿಗೆ 23.35. ತಪ್ಪು ಪುಲ್ಲರ್ ತೂರಿಸಿ ಎಳೆದರೆ ಮೆತ್ತಗಿನ ಅಲ್ಯೂಮಿನಿಯಂ ಥ್ರೆಡ್ಡು ಕಿತ್ತುಬರುತ್ತದೆ, ಎಪ್ಪತ್ತು ವರ್ಷ ಬಾಳಿದ ಕ್ರ್ಯಾಂಕು ಗುಜರಿಗೆ ಹೋಗುತ್ತದೆ. ಸಿಂಪ್ಲೆಕ್ಸ್ ಅರವತ್ತರ ದಶಕದಲ್ಲಿ ಪ್ಲಾಸ್ಟಿಕ್ಕಿನಿಂದ ಡೆರೇಲರ್ ಮಾಡಿತು ಎಂಬುದನ್ನೂ ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಬಿರುಕು ಬಿಡದ ಒಂದನ್ನು ನೋಡುವುದು ಈಗ ಅಪರೂಪ.

ಬ್ರಿಟಿಷರು 27 ಅಂಗುಲದ ಚಕ್ರ, ಬ್ರೂಕ್ಸ್ ಬಿ17 ಸೀಟು, ನೆಲ್ಸನ್ ಊರಿನ ಕ್ಯಾರಡೈಸ್ ಚೀಲಗಳನ್ನು ಕೊಟ್ಟರು. ಮೂರೂ ಗಟ್ಟಿ, ಮೂರಕ್ಕೂ ಅಭಿಮಾನಿಗಳಿದ್ದಾರೆ. ಹೊಸತನ್ನು ಮಾಡುವ ಹಂಬಲ ಮಾತ್ರ ಅರವತ್ತರ ದಶಕದ ಹೊತ್ತಿಗೆ ಆ ನಾಡಿನಲ್ಲಿ ಬತ್ತಿತ್ತು.

ನನ್ನ ಲೆಕ್ಕದಲ್ಲಿ ಟೂರಿಂಗ್ ಸೈಕಲ್ಲಿನ ನಿಜವಾದ ಸುವರ್ಣಯುಗ 1964ರಿಂದ 1985ರವರೆಗೆ, ಜಪಾನಿನಲ್ಲಿ. ಹೀಗಂದರೆ ಫ್ರೆಂಚ್ ಭಕ್ತರು ಹುಬ್ಬೇರಿಸುತ್ತಾರೆ. 1964ರಲ್ಲಿ ಮಯೇದಾ ಕಂಪನಿ ತನ್ನ ಸನ್‌ಟೂರ್ ಹೆಸರಿನಲ್ಲಿ ಓರೆಯಾಗಿ ಚಲಿಸುವ ಡೆರೇಲರನ್ನು ತಂದಿತು. ಫ್ರೀವೀಲಿನ ಹಲ್ಲಿನ ಚಕ್ರಗಳು ಚಿಕ್ಕದರಿಂದ ದೊಡ್ಡದಕ್ಕೆ ಇಳಿಜಾರಾಗಿ ಜೋಡಿಸಿರುತ್ತವೆ. ಡೆರೇಲರು ಅಡ್ಡಡ್ಡಕ್ಕೆ ಮಾತ್ರ ಸರಿದರೆ ಅದರ ಪುಟ್ಟ ಗಾಲಿ ಚಿಕ್ಕ ಚಕ್ರದಿಂದ ತೀರಾ ದೂರ ಉಳಿಯುತ್ತದೆ, ಚೈನು ಜಾರಲು ತಡಮಾಡುತ್ತದೆ. ಸನ್‌ಟೂರ್ ತನ್ನ ಚೌಕಟ್ಟನ್ನು ಆ ಇಳಿಜಾರಿಗೆ ತಕ್ಕಂತೆ ಓರೆ ಮಾಡಿತು. ಗಾಲಿ ಎಲ್ಲ ಚಕ್ರಗಳಿಂದಲೂ ಹೆಚ್ಚುಕಡಿಮೆ ಒಂದೇ ದೂರದಲ್ಲಿ ಉಳಿಯಿತು. ಇಷ್ಟು ಸರಳವಾದ ರೇಖಾಗಣಿತ ಯುರೋಪಿನ ಹೆಸರಾಂತ ಕಂಪನಿಗಳಿಗೆ ಹೊಳೆದಿರಲಿಲ್ಲ. ಹೊಳೆದ ಮೇಲೆ ಪೇಟೆಂಟ್ ಅಡ್ಡಬಂತು. ಇಪ್ಪತ್ತು ವರ್ಷದ ಆ ಪೇಟೆಂಟ್ ಮುಗಿದದ್ದೇ ತಡ ಶಿಮಾನೊ ಅದೇ ವಿನ್ಯಾಸವನ್ನು ಎತ್ತಿಕೊಂಡು, ಅದರ ಮೇಲೆ ಕ್ಲಿಕ್ ಕ್ಲಿಕ್ ಎನ್ನುವ ಗೇರು ಕಟ್ಟಿತು. ಇಂದು ಲೋಕದ ಬಹುಪಾಲು ಡೆರೇಲರುಗಳ ಮೂಲ ಸನ್‌ಟೂರಿನ ಆ ಓರೆ ಚೌಕಟ್ಟೇ.

ನಮ್ಮ ತಲೆಮಾರಿನವರು ಸೈಕಲ್ಲು ಬಿಚ್ಚಿ ಕಟ್ಟಲು ಕಲಿತದ್ದು ಈ ಭಾಗಗಳ ಮೇಲೆ. ಅಮೆರಿಕಕ್ಕೆ ಓದಲು ಹೋದ ಅಣ್ಣಂದಿರ, ಭಾವಂದಿರ ಸೂಟ್‌ಕೇಸಿನ ಮೂಲೆಯಲ್ಲಿ, ಸೋಪು ಚಾಕೊಲೇಟುಗಳ ನಡುವೆ, ಪತ್ರಿಕೆಯಲ್ಲಿ ಸುತ್ತಿ ಬಂದವು ಅವು. ಆ ದೇಶದಲ್ಲಿ 1976ರಲ್ಲಿ, ಸ್ವಾತಂತ್ರ್ಯದ ಇನ್ನೂರನೇ ವರ್ಷಕ್ಕೆಂದು, ಪಶ್ಚಿಮದ ಆಸ್ಟೋರಿಯಾದಿಂದ ಪೂರ್ವದ ಯಾರ್ಕ್‌ಟೌನ್‌ವರೆಗೆ 'ಬೈಕ್‌ಸೆಂಟೆನಿಯಲ್' ಯಾತ್ರೆ ನಡೆದಿತ್ತು. ಸುಮಾರು ನಾಲ್ಕು ಸಾವಿರ ಜನ ಅದರಲ್ಲಿ ಸೈಕಲ್ಲು ತುಳಿದರು. ಅವರಿಗೆ ಬೇಕಾದ ಸಾಮಾನನ್ನು ಅಗ್ಗದ ಬೆಲೆಗೆ ಕೊಟ್ಟವರು ಜಪಾನಿಯರು. ಸನ್‌ಟೂರಿನ ವಿ-ಜಿಟಿ ಡೆರೇಲರು ಯುರೋಪಿನ ದುಬಾರಿ ಸರಕಿಗಿಂತ ಚೊಕ್ಕವಾಗಿ ಕೆಲಸ ಮಾಡುತ್ತಿತ್ತು. ಹ್ಯಾಂಡಲಿನ ತುದಿಗೆ ಕೂರಿಸುವ ಅವರ ಗೇರು ಲಿವರಿನಲ್ಲಿ ಒಂದು ಸಣ್ಣ ರ‍್ಯಾಚೆಟ್ ಇತ್ತು. ಸ್ಪ್ರಿಂಗು ಎಳೆದರೂ ಅದು ತಾನಾಗಿ ಜಾರುತ್ತಿರಲಿಲ್ಲ, ಕೈ ಹ್ಯಾಂಡಲು ಬಿಡಬೇಕಾಗಿಯೂ ಇರಲಿಲ್ಲ. ಸುಗಿನೊ 110 ಮತ್ತು 74 ಮಿಲಿಮೀಟರಿನ ಬೋಲ್ಟು ವೃತ್ತದ ಮೂರು ಚಕ್ರದ ಕ್ರ್ಯಾಂಕು ಮಾಡಿತು. 24 ಹಲ್ಲಿನವರೆಗೆ ಇಳಿಯಬಹುದಾದ ಆ ಅಳತೆಗೆ ಈಗಲೂ ಹೊಸ ಚಕ್ರ ಸಿಗುತ್ತದೆ. ನಿಟ್ಟೊ ಹ್ಯಾಂಡಲು, ಎಂಕೆಎಸ್ ಪೆಡಲು, ಹೊಂಜೊ ಮಡ್‌ಗಾರ್ಡು ಇವತ್ತಿಗೂ ತಯಾರಾಗುತ್ತಿವೆ. ಮಿಗಿಲಾಗಿ, ರಫ್ತಿನ ಸರಕಿಗೆ ಜಪಾನಿಯರು ಬ್ರಿಟಿಷ್ ಥ್ರೆಡ್ಡನ್ನು ಒಪ್ಪಿಕೊಂಡರು. ಒಂದು ಕಂಪನಿಯ ಬಾಟಮ್ ಬ್ರಾಕೆಟ್ ಕಪ್ ಇನ್ನೊಂದರ ಫ್ರೇಮಿಗೆ ಕೂರುವ ದಿನ ಬಂದದ್ದು ಅದರಿಂದ. ಅಂದದ ಪುಸ್ತಕಗಳಲ್ಲಿ ಈ ಉಪಕಾರಕ್ಕೆ ಒಂದು ಪುಟವೂ ಸಿಕ್ಕಿಲ್ಲ.

ಇದೇ ಹೊತ್ತಿಗೆ ಹ್ಯೂರೆ ಕಂಪನಿ ಎರಡು ಚೌಕಟ್ಟುಗಳ 'ಡ್ಯುಯೊಪಾರ್' ತಂದಿತ್ತೆಂಬುದನ್ನು ನ್ಯಾಯಕ್ಕಾಗಿ ಹೇಳಬೇಕು. ಅಗಲ ಗೇರಿಗೆ ಅದರಷ್ಟು ನಯವಾದದ್ದು ಬೇರೆ ಇರಲಿಲ್ಲ. ಚೈನು ಒಮ್ಮೆ ಸಿಕ್ಕಿಕೊಂಡಿತೆಂದರೆ ಅದರಷ್ಟು ಬೇಗ ಮುರಿಯುವುದೂ ಬೇರೆ ಇರಲಿಲ್ಲ.

1985ರ ನಂತರದ ಕಥೆಯನ್ನು ಉದ್ದ ಮಾಡುವ ಮನಸ್ಸಿಲ್ಲ. ಲಿವರು, ಡೆರೇಲರು, ಫ್ರೀವೀಲು, ಚೈನು ಒಂದೇ ಮನೆಯದ್ದಾದರೆ ಮಾತ್ರ ಕ್ಲಿಕ್ಕು ಸರಿಯಾಗಿ ಬೀಳುತ್ತದೆ ಎಂದಾಯಿತು. ಆಯ್ದು ಜೋಡಿಸುವ ಸ್ವಾತಂತ್ರ್ಯ ಅಲ್ಲಿಗೆ ಕುಗ್ಗಿತು. ಮೌಂಟನ್ ಬೈಕಿನ ಅಲೆಯಲ್ಲಿ ಟೂರಿಂಗ್ ಸೈಕಲ್ಲು ಅಂಗಡಿಗಳಿಂದ ಮರೆಯಾಯಿತು, ಸನ್‌ಟೂರ್ ತೊಂಬತ್ತರ ದಶಕದಲ್ಲಿ ಡೆರೇಲರ್ ಮಾಡುವುದನ್ನೇ ಬಿಟ್ಟಿತು. 1994ರಲ್ಲಿ ಕ್ಯಾಲಿಫೋರ್ನಿಯಾದ ಗ್ರಾಂಟ್ ಪೀಟರ್ಸನ್ 'ರಿವೆಂಡೆಲ್' ಶುರುಮಾಡಿ ಉಕ್ಕಿನ ಫ್ರೇಮು, ಎತ್ತರದ ಹ್ಯಾಂಡಲುಗಳ ಪರ ನಿಂತರು. ಅಳತೆಗಳ ಗೋಜಲು ಬಿಡಿಸಿ ಪಟ್ಟಿ ಮಾಡಿದವರು 2008ರಲ್ಲಿ ತೀರಿಕೊಂಡ ಶೆಲ್ಡನ್ ಬ್ರೌನ್. ಈ ಕ್ಷೇತ್ರ ಯಾರಿಗಾದರೂ ಋಣಿಯಾಗಿದ್ದರೆ ಮೊದಲು ಅವರಿಗೆ. 2002ರಿಂದ ಯಾನ್ ಹೈನೆ ತಮ್ಮ ಪತ್ರಿಕೆಯಲ್ಲಿ ಫ್ರೆಂಚ್ ಸೈಕಲ್ಲುಗಳನ್ನು ಅಳೆದು, ಓಡಿಸಿ ಬರೆದರು. ಅಗಲ ಟೈರಿಗೆ ಗಾಳಿ ಕಡಿಮೆ ಇದ್ದರೂ ವೇಗ ಕುಗ್ಗುವುದಿಲ್ಲ ಎಂದು ರಸ್ತೆಯ ಮೇಲೆ ಪರೀಕ್ಷಿಸಿ ತೋರಿಸಿದರು. ಅದರಿಂದ 584 ಮಿಲಿಮೀಟರಿನ 650ಬಿ ಚಕ್ರ ಮರುಹುಟ್ಟು ಪಡೆಯಿತು. ಅವರ ಕೆಲಸ ದೊಡ್ಡದು. ಅದರ ನೆರಳಿನಲ್ಲಿ ಜಪಾನಿನ ಮಧ್ಯಮವರ್ಗದ ಸೈಕಲ್ಲು ಮಾತ್ರ ಕಾಣದೇ ಹೋಯಿತು.

ಇನ್ನು ಕೊಳ್ಳುವವರಿಗೆ. ಹೆಸರಿಗಿಂತ ಮೊದಲು ವರ್ನಿಯರ್ ಕ್ಯಾಲಿಪರ್ ತೆಗೆಯಿರಿ. ಅಳತೆ ನೋಡದೆ ತಂದ ಕ್ರ್ಯಾಂಕು ಅಂದಾಜಿನಲ್ಲಿ ಹೊಲಿಸಿದ ರವಿಕೆಯ ಹಾಗೆ: ಬಟ್ಟೆ ಎಷ್ಟೇ ಚೆಂದವಿದ್ದರೂ ತೊಡಲಾಗುವುದಿಲ್ಲ. ಹಿಂದಿನ ಫೋರ್ಕಿನ ಅಗಲ ಐದು ಗೇರಿನ ಕಾಲದಲ್ಲಿ 120 ಮಿಲಿಮೀಟರ್, ಆರೇಳರ ಕಾಲದಲ್ಲಿ 126, ಆಮೇಲೆ 130. ಉಕ್ಕಿನ ಫ್ರೇಮನ್ನು ತಿಳಿದವರ ಕೈಯಲ್ಲಿ ಬಗ್ಗಿಸಿ ಅಗಲಿಸಬಹುದು, ಅಲ್ಯೂಮಿನಿಯಂ ಫ್ರೇಮನ್ನು ಮುಟ್ಟಬೇಡಿ. 27 ಅಂಗುಲದ ಚಕ್ರ 630 ಮಿಲಿಮೀಟರ್, 700ಸಿ 622. ಬದಲಿಸಿದರೆ ಬ್ರೇಕಿನ ರಬ್ಬರು 4 ಮಿಲಿಮೀಟರ್ ಕೆಳಗೆ ಇಳಿದರೆ ಸಾಕು. 700ಸಿಯಿಂದ 650ಬಿಗೆ ಹೋಗಬೇಕೆಂದರೆ 19 ಮಿಲಿಮೀಟರ್ ಇಳಿಯಬೇಕು, ಎಲ್ಲ ಬ್ರೇಕುಗಳಿಗೂ ಅಷ್ಟು ಉದ್ದದ ತೋಳಿಲ್ಲ. '26 ಅಂಗುಲ' ಎಂಬ ಒಂದೇ ಹೆಸರಿನಡಿ 559, 584, 590, 597 ಮಿಲಿಮೀಟರಿನ ರಿಮ್ಮುಗಳಿವೆ. ಟೈರಿನ ಪಕ್ಕದಲ್ಲಿ ಅಚ್ಚಾದ ಮಿಲಿಮೀಟರನ್ನು ನಂಬಿ, ಅಂಗುಲವನ್ನಲ್ಲ.

ವಿದೇಶಿ ಸಮೀಕ್ಷೆಗಳಲ್ಲಿ ಎಲ್ಲೂ ಬಾರದ ಒಂದು ಸಂಗತಿ ಇಲ್ಲಿದೆ. ನಮ್ಮ ಊರಿನ ಸೈಕಲ್ ಶಾಪಿನಲ್ಲಿ ನೇತುಹಾಕಿರುವ 26 × 1⅜ ಟೈರು 590 ಮಿಲಿಮೀಟರಿನದ್ದು, ಅಂದರೆ ಫ್ರೆಂಚರ 650ಎ. ಹಾಲಿನವರ, ಅಂಚೆಯವರ 28 × 1½ ಟೈರು 635 ಮಿಲಿಮೀಟರಿನದ್ದು, ಫ್ರೆಂಚರು ಅದನ್ನೇ 700ಬಿ ಅಂದರು. ಹಳೆಯ ನಾಟಿಂಗ್‌ಹ್ಯಾಮ್ ಸೈಕಲ್ಲಿಗೆ ಟೈರು ಹುಡುಕುತ್ತ ಯುರೋಪಿನವರು ದುಡ್ಡು ಸುರಿಯುವಾಗ, ಅದು ಇಲ್ಲಿ ತಾಲ್ಲೂಕು ಕೇಂದ್ರದಲ್ಲಿ ಸಿಗುತ್ತದೆ. ಕಾಟರ್ ಪಿನ್ನನ್ನು ಅರ ಹಿಡಿದು ಉಜ್ಜಿ, ಇಳಿಜಾರು ಸರಿಮಾಡಿ, ಎರಡು ಪೆಟ್ಟಿನಲ್ಲಿ ಕೂರಿಸುವ ಕೈಗಳೂ ಇಲ್ಲಿ ಇನ್ನೂ ಇವೆ. 1949ರಲ್ಲಿ ಮದ್ರಾಸಿನಲ್ಲಿ ಟಿ.ಐ. ಸೈಕಲ್ಸ್, ಬಳಿಕ ಅಸನ್‌ಸೋಲಿನಲ್ಲಿ ಸೆನ್-ರ‍್ಯಾಲಿ, 1956ರಲ್ಲಿ ಲುಧಿಯಾನದಲ್ಲಿ ಹೀರೋ ಶುರುವಾದಾಗ ಬ್ರಿಟಿಷ್ ಅಳತೆಗಳು ಇಲ್ಲಿ ಬೇರೂರಿದವು, ಅಲ್ಲಿ ಸತ್ತ ಮೇಲೂ ಇಲ್ಲಿ ಬದುಕಿದವು. ಪ್ಯಾರಿಸ್-ಬ್ರೆಸ್ಟ್-ಪ್ಯಾರಿಸ್‌ನ 1200 ಕಿಲೋಮೀಟರನ್ನು 90 ಗಂಟೆಯಲ್ಲಿ ಮುಗಿಸಲು ಬೆಂಗಳೂರಿನಿಂದ ಹೋಗುವ ಸವಾರರು ಡೈನಮೋ ಹಬ್ಬನ್ನು ಜರ್ಮನಿಯಿಂದ ತರಿಸುತ್ತಾರೆ, ತರಿಸಲಿ. ಆದರೆ ಇಲ್ಲಿ ದಶಕಗಳ ಕಾಲ ತಯಾರಾದ ಹಬ್ಬು, ರಿಮ್ಮು, ಕ್ರ್ಯಾಂಕುಗಳಲ್ಲಿ ಯಾವುದರ ಅಳತೆ ಎಷ್ಟು, ಯಾವ ವರ್ಷ ಯಾವುದು ಬದಲಾಯಿತು ಎಂಬ ಒಂದು ಪಟ್ಟಿಯನ್ನೂ ನಾವು ಮಾಡಿಕೊಂಡಿಲ್ಲ. ಫ್ರೆಂಚರ ಪ್ರತಿ ಬೋಲ್ಟಿಗೂ ಒಬ್ಬ ಇತಿಹಾಸಕಾರನಿದ್ದಾನೆ.

ಅಂಗಡಿ ಮುಚ್ಚುತ್ತಿರುವ ಹಳೆಯ ಸೈಕಲ್ ಡೀಲರುಗಳ ಅಟ್ಟದಲ್ಲಿ ಬೆಲೆಪಟ್ಟಿ, ಕ್ಯಾಟಲಾಗು, ಬಳಸದ ಭಾಗಗಳ ಡಬ್ಬಿ ಇನ್ನೂ ಇರಬಹುದು. ನಿಮಗೆ ಅಂಥವರ ಪರಿಚಯವಿದ್ದರೆ, ಅವು ಗುಜರಿಯ ತಕ್ಕಡಿಗೆ ಬೀಳುವ ಮೊದಲು ಹೋಗಿ ಕ್ಯಾಟಲಾಗಿನ ಪುಟಗಳ ಫೋಟೊ ತೆಗೆಯಿರಿ, ಭಾಗಗಳನ್ನು ಅಳೆಯಿರಿ, ಅಂಗಡಿಯವರನ್ನು ಕೇಳಿ ಬರೆದಿಡಿ.