ಮೌನ ಸಮ್ಮತಿಯಲ್ಲ

‘ಮೌನಂ ಸಮ್ಮತಿ ಲಕ್ಷಣಂ’ ಎಂಬ ಮಾತನ್ನು ನೀವು ಕೇಳಿರುತ್ತೀರಿ. ಈ ಮಾತು ಎಂತಹ ಅನ್ಯಾಯಕ್ಕೆ ದಾರಿಯಾಗಬಲ್ಲದೆಂದು ಒಂದು ಮೊಕದ್ದಮೆ ತೋರಿಸಿತು.

1972ರ ಮಾರ್ಚ್‌ನಲ್ಲಿ ಮಹಾರಾಷ್ಟ್ರದ ದೇಸಾಯಿಗಂಜ್ ಪೊಲೀಸ್ ಠಾಣೆಗೆ ಬಂದಿದ್ದ ಆದಿವಾಸಿ ಹುಡುಗಿಯೊಬ್ಬಳು, ಅಲ್ಲಿಯೇ ತನ್ನ ಮೇಲೆ ಅತ್ಯಾಚಾರವಾಯಿತೆಂದು ದೂರಿದಳು. ಸೆಷನ್ಸ್ ನ್ಯಾಯಾಲಯ ಇಬ್ಬರು ಪೊಲೀಸರನ್ನು ಬಿಡುಗಡೆ ಮಾಡಿತು. ಭಯದಿಂದ ಮಣಿಯುವುದು ಸಮ್ಮತಿಯಲ್ಲವೆಂದು ಮುಂಬಯಿ ಹೈಕೋರ್ಟು ಅವರಿಗೆ ಶಿಕ್ಷೆ ವಿಧಿಸಿತು. ಆದರೆ 1978ರಲ್ಲಿ ಸುಪ್ರೀಂ ಕೋರ್ಟು, ಮೈಮೇಲೆ ಗಾಯದ ಗುರುತಿಲ್ಲ, ಆಕೆ ಪ್ರತಿಭಟಿಸಿದ ಲಕ್ಷಣವಿಲ್ಲವೆಂದು ಅವರನ್ನು ಖುಲಾಸೆಗೊಳಿಸಿತು.

1979ರಲ್ಲಿ ಉಪೇಂದ್ರ ಬಕ್ಷಿ, ಲೋತಿಕಾ ಸರ್ಕಾರ್ ಮೊದಲಾದ ನಾಲ್ವರು ಕಾನೂನು ಅಧ್ಯಾಪಕರು ಮುಖ್ಯ ನ್ಯಾಯಮೂರ್ತಿಗಳಿಗೆ ಬಹಿರಂಗ ಪತ್ರ ಬರೆದು ಈ ತೀರ್ಪನ್ನು ಪ್ರಶ್ನಿಸಿದರು. ಮಹಿಳೆಯರು ಬೀದಿಗಿಳಿದರು. ಅದರ ಫಲವೇ 1983ರ ತಿದ್ದುಪಡಿ. ಪೊಲೀಸರ ವಶದಲ್ಲಿ ನಡೆದ ಲೈಂಗಿಕ ಸಂಪರ್ಕ ಸಾಬೀತಾಗಿ, ತನ್ನ ಸಮ್ಮತಿ ಇರಲಿಲ್ಲವೆಂದು ಮಹಿಳೆ ಸಾಕ್ಷಿ ನುಡಿದರೆ, ನ್ಯಾಯಾಲಯ ಸಮ್ಮತಿ ಇರಲಿಲ್ಲವೆಂದೇ ಭಾವಿಸಬೇಕು. ಆಕೆಯ ಹೆಸರನ್ನು ಪ್ರಕಟಿಸುವುದೂ ಅಪರಾಧವಾಯಿತು. ದೈಹಿಕವಾಗಿ ಪ್ರತಿರೋಧಿಸಲಿಲ್ಲ ಎಂಬುದೊಂದರಿಂದಲೇ ಸಮ್ಮತಿ ಇತ್ತೆನ್ನಲಾಗದು ಎಂದು 2013ರಲ್ಲಿ ಕಾನೂನು ಸ್ಪಷ್ಟಪಡಿಸಿತು. 2024ರ ಜುಲೈಯಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿಯೂ ಈ ಮಾತು ಉಳಿದಿದೆ.

ಭಯವಾದಾಗ ದನಿ ಉಡುಗುವುದು, ಕೈಕಾಲು ಮರಗಟ್ಟುವುದು ಸಹಜ. ಆಮೇಲೂ ನಿದ್ದೆಗೇಡು, ಅಂಜಿಕೆ, ತನ್ನದೇ ತಪ್ಪೆಂಬ ಕೊರಗು ಬಹುಕಾಲ ಕಾಡಬಹುದು. ಆದ್ದರಿಂದ ನೊಂದವರು ನಿಮ್ಮೊಡನೆ ಹೇಳಿಕೊಂಡಾಗ ‘ಏಕೆ ಕೂಗಲಿಲ್ಲ?’ ಎಂದು ಕೇಳಬೇಡಿ. ಮೊದಲು ನಂಬಿ, ಕೇಳಿಸಿಕೊಳ್ಳಿ. ಆ ಹುಡುಗಿಯ ಮೊಕದ್ದಮೆಯಿಂದ ದೇಶದ ಕಾನೂನು ಬದಲಾಯಿತು. ಅವಳ ಮೊಕದ್ದಮೆಯ ತೀರ್ಪು ಮಾತ್ರ ಬದಲಾಗಲಿಲ್ಲ.