ಪರಿಧಿಯ 96ನೆಯ ಅಂಶ

ವೃತ್ತಕ್ಕೆ ಆದಿಯಿಲ್ಲ, ಅಂತ್ಯವಿಲ್ಲ. ಅದನ್ನು ಅಳೆಯಹೊರಟವನ ಕೈಯಲ್ಲಿರುವುದಾದರೋ ನೆಟ್ಟನೆಯ ಕೋಲು. ಬಾಗಿದುದನ್ನು ನೆಟ್ಟನೆಯದರಿಂದ ಅಳೆಯುವುದೆಂತು? ನಮ್ಮ ಪ್ರಾಚೀನ ಗಣಿತಜ್ಞರು ಪೂರ್ಣವನ್ನು ಅಂಶಗಳಾಗಿ ಒಡೆದು ಈ ತೊಡಕನ್ನು ಬಿಡಿಸಹೊರಟರು.

ಕ್ರಿ. ಶ. 476ರಲ್ಲಿ ಜನಿಸಿದ ಆರ್ಯಭಟನು ಪರಿಧಿಯ 21600 ಕಲೆಗಳಿಂದಲೇ ತ್ರಿಜ್ಯವನ್ನೂ ಅಳೆದನು; ಅದು 3438 ಕಲೆಗಳಾಯಿತು. ಹೊರಗಿನ ಮಾನದಂಡವೇ ಬೇಕಾಗಲಿಲ್ಲ. ವೃತ್ತವನ್ನು ಅದರ ಅಂಶವೇ ಅಳೆಯಿತು. ಪರಿಧಿಯ 96ನೆಯ ಅಂಶವು 225 ಕಲೆ. ಆತನ ಮೊದಲನೆಯ ಜ್ಯಾರ್ಧವೂ 225 ಕಲೆಯೇ! ಅಷ್ಟು ಕಿರಿದಾದ ಚಾಪವು ನೆಟ್ಟನೆಯ ರೇಖೆಗೆ ಸಮವೆಂದು ಗ್ರಹಿಸಿದ್ದರಿಂದಲೇ ಉಳಿದ ಜ್ಯೆಗಳ ಗಣನೆಗೆ ದಾರಿಯಾಯಿತು. ವ್ಯಾಸವು 20000 ಆದರೆ ಪರಿಧಿಯು 62832 ಎಂದು ಹೇಳಿ, ಇದು ‘ಆಸನ್ನ’, ಎಂದರೆ ಸಮೀಪದ ಬೆಲೆ ಮಾತ್ರವೆಂದು ಆತನು ಸೂಚಿಸಿರುವನು. ಬಾಲಕರಿಂದ 22/7 ಎಂದು ಬಾಯಿಪಾಠ ಮಾಡಿಸುವವರು ಈ ಒಂದು ಶಬ್ದವನ್ನು ಕೈಬಿಡುವುದು ವಿಷಾದಕರ. ನೃಪತುಂಗನ ಕಾಲದ ಮಹಾವೀರಾಚಾರ್ಯನು ಸಹ ವ್ಯಾವಹಾರಿಕ ಫಲವನ್ನೂ ಸೂಕ್ಷ್ಮ ಫಲವನ್ನೂ ಬೇರೆಬೇರೆಯಾಗಿಯೇ ಹೇಳಿದ್ದಾನೆ.

ಅಂಶವು ಉಪಕರಿಸುವಂತೆ ವಂಚಿಸಲೂ ಬಲ್ಲುದು. ಭೂಮಿಯು ಗೋಲವಾದರೆ ಚಪ್ಪಟೆಯಾಗಿ ತೋರುವುದೇಕೆಂಬ ಆಕ್ಷೇಪವು ಪುರಾತನವಾದುದು. 1150ರಲ್ಲಿ ಸಿದ್ಧಾಂತಶಿರೋಮಣಿಯನ್ನು ರಚಿಸಿದ ಭಾಸ್ಕರಾಚಾರ್ಯನ ಸಮಾಧಾನವಿದು: ಪರಿಧಿಯ ನೂರನೆಯ ಅಂಶವು ಸಮವಾಗಿ ತೋರುತ್ತದೆ, ಭೂಮಿಯು ಅತಿ ವಿಶಾಲ, ಮನುಷ್ಯನು ಅತಿ ಅಲ್ಪ, ಆದಕಾರಣ ಅವನ ಕಣ್ಣಿಗೆ ಬೀಳುವ ತುಣುಕು ಚಪ್ಪಟೆಯೇ. ಅಂದರೆ ಕಣ್ಣು ಸುಳ್ಳಾಡುವುದಿಲ್ಲ. ತುಣುಕನ್ನೇ ಪೂರ್ಣವೆಂದು ಬಗೆಯುವ ಬುದ್ಧಿಯು ತಪ್ಪುತ್ತದೆ. ಗೋಲಪೃಷ್ಠದ ಫಲವನ್ನು ತಪ್ಪಾಗಿ ಹೇಳಿದ ಲಲ್ಲಾಚಾರ್ಯನನ್ನು ಖಂಡಿಸುವಾಗಲೂ ಭಾಸ್ಕರನು ಬರಿಯ ಮಾತನ್ನು ನೆಚ್ಚಲಿಲ್ಲ. ಗೋಲವನ್ನು ನೆಲ್ಲಿಕಾಯಿಯ ಗೆರೆಗಳಂತೆ ಮೇಲಿನಿಂದ ಕೆಳಕ್ಕೆ ಹೋಳುಮಾಡಿ, ಒಂದು ಹೋಳಿನ ಫಲವನ್ನು ಎಣಿಸಿ, ಪೃಷ್ಠವು ಅದೇ ವ್ಯಾಸದ ವೃತ್ತಫಲದ ನಾಲ್ಮಡಿಯೆಂದು ತೋರಿಸಿದನು. ಗುರುವಾಕ್ಯಕ್ಕಿಂತ ಉಪಪತ್ತಿಯೇ ಮೇಲೆಂಬ ಈ ಧೈರ್ಯವು ನಮ್ಮ ಶಾಸ್ತ್ರಪರಂಪರೆಯಲ್ಲಿಯೇ ಇತ್ತೆಂಬುದನ್ನು ಇಂದಿನ ತರುಣರು ಅರಿಯಬೇಡವೇ?

ಲೀಲಾವತಿಗೆ 1545ರಲ್ಲಿ ‘ಬುದ್ಧಿವಿಲಾಸಿನಿ’ ಎಂಬ ವ್ಯಾಖ್ಯಾನವನ್ನು ಬರೆದ ಗಣೇಶ ದೈವಜ್ಞನ ಉಪಪತ್ತಿಯಂತೂ ಮಕ್ಕಳಿಗೂ ಸುಗಮ. ಮನೆಯಲ್ಲಿ ಕಾಗದ, ಕತ್ತರಿಗಳಿದ್ದರೆ ವಾಚಕರೇ ಮಾಡಿನೋಡಬಹುದು. ವೃತ್ತವನ್ನು ಎರಡು ಅರ್ಧಗಳಾಗಿ ಕತ್ತರಿಸಿ, ಪ್ರತಿಯೊಂದನ್ನೂ ಕೇಂದ್ರದಿಂದ ಸೂಜಿಮೊನೆಯಂತಹ ಸಮಾನ ಖಂಡಗಳಾಗಿ ಸೀಳಿ ಬಿಡಿಸಬೇಕು. ಬಳಿಕ ಒಂದರ ಹಲ್ಲುಗಳ ಸಂದಿನಲ್ಲಿ ಇನ್ನೊಂದರ ಹಲ್ಲುಗಳನ್ನು ಕೂಡಿಸಿದರೆ ಆಯತವೊಂದು ಏರ್ಪಡುವುದು. ಅದರ ಉದ್ದ ಪರಿಧಿಯ ಅರ್ಧ, ಅಗಲ ವ್ಯಾಸದ ಅರ್ಧ. ಹನ್ನೆರಡು ಖಂಡಗಳಾದರೆ ಅಂಚು ಅಲೆಯಲೆಯಾಗಿ ಕಾಣುವುದು. 96 ಆದರೆ ಆ ಅಲೆಯನ್ನು ಬೆರಳಿನಿಂದ ತಡವಿ ಹುಡುಕಬೇಕು.